ಮೂವತ್ತು ನಿಮಿಷದ ನಡಿಗೆ: ಒಂದು ಸಲಹೆಯ ಚರಿತ್ರೆ

ದಿನಕ್ಕೆ ಅರ್ಧ ಗಂಟೆ, ವಾರದಲ್ಲಿ ಐದಾರು ದಿನ ಚುರುಕಾಗಿ ನಡೆಯಬೇಕು ಎಂಬ ಮಾತನ್ನು ಇಂದು ತಾಲ್ಲೂಕು ಆಸ್ಪತ್ರೆಯ ವೈದ್ಯರೂ ಹೇಳುತ್ತಾರೆ, ಕೆರೆ ಏರಿಯ ಮೇಲೆ ಬೆಳಗಿನ ವಾಕಿಂಗ್ ಹೊರಟ ನಿವೃತ್ತ ಮೇಷ್ಟರೂ ಹೇಳುತ್ತಾರೆ. ಅಜ್ಜಂದಿರ ಕಾಲದಿಂದ ಬಂದ ಹಿತವಚನದಂತೆ ಕೇಳುವ ಈ ಅಳತೆಗೆ ನಿಜವಾಗಿ ಒಂದು ತಾರೀಖಿದೆ. 1995ರ ಫೆಬ್ರುವರಿ 1ರಂದು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ ಇಪ್ಪತ್ತು ಮಂದಿ ತಜ್ಞರ ಹೆಸರಿನಲ್ಲಿ ಅದು ಮೊದಲು ಈ ರೂಪದಲ್ಲಿ ಪ್ರಕಟವಾಯಿತು. ಅದರ ಹಿಂದಿನ ದುಡಿಮೆಯ ಬಹುಪಾಲು ನಡೆದದ್ದು ಅಮೆರಿಕದ ಪೂರ್ವ ಕರಾವಳಿಯ ತೆಂಕಣ ಭಾಗದಲ್ಲಿ: ಜಾರ್ಜಿಯಾದ ಅಟ್ಲಾಂಟಾ, ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾಗಳ ವಿಶ್ವವಿದ್ಯಾಲಯಗಳು, ಹಾಗೂ ವಾಷಿಂಗ್ಟನ್ ಮಗ್ಗುಲಿನ ಬೆಥೆಸ್ಡಾ.

ಅದಕ್ಕೆ ಮೊದಲು ಜನರ ಮೈಕಟ್ಟಿನ ಬಗ್ಗೆ ವಾಷಿಂಗ್ಟನ್ನಿಗೆ ಚಿಂತೆ ಇರಲಿಲ್ಲವೆಂದಲ್ಲ. ಆದರೆ ಆ ಚಿಂತೆ ಕಾಯಿಲೆಯದಲ್ಲ, ಸೈನ್ಯದ್ದು. 1950ರ ದಶಕದಲ್ಲಿ ಹ್ಯಾನ್ಸ್ ಕ್ರೌಸ್ ಎಂಬ ವೈದ್ಯರು, ಬಾನಿ ಪ್ರುಡನ್ ಎಂಬ ವ್ಯಾಯಾಮ ಶಿಕ್ಷಕಿಯ ಜೊತೆಗೂಡಿ, ಬೆನ್ನು ಹೊಟ್ಟೆಗಳ ಸ್ನಾಯುಬಲವನ್ನು ನೋಡುವ ಆರು ಸರಳ ಪರೀಕ್ಷೆಗಳನ್ನು ಶಾಲಾಮಕ್ಕಳಿಗೆ ಒಡ್ಡಿದರು. ಅಮೆರಿಕದ ಮಕ್ಕಳಲ್ಲಿ ಶೇ. 57.9ರಷ್ಟು ಮಂದಿ ಸೋತರು. ಯುರೋಪಿನ ಮಕ್ಕಳಲ್ಲಿ ಸೋತವರು ಶೇ. 8.7 ಮಾತ್ರ. ಶೀತಲ ಸಮರದ ಆ ದಿನಗಳಲ್ಲಿ ಈ ಅಂಕಿಗಳು ದೊಡ್ಡ ಗಾಬರಿ ಹುಟ್ಟಿಸಿದವು. 1955ರ ಜುಲೈಯಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಇಬ್ಬರನ್ನೂ ಶ್ವೇತಭವನದ ಊಟಕ್ಕೆ ಕರೆಸಿ ವರದಿ ಕೇಳಿದರು. ಮರುವರ್ಷ ಜುಲೈ 16ರಂದು ಯುವಜನರ ದೈಹಿಕ ಕ್ಷಮತೆಗಾಗಿ ಅಧ್ಯಕ್ಷರ ಮಂಡಳಿಯೊಂದು ಸ್ಥಾಪನೆಯಾಯಿತು. ಈ ನಡುವೆ, 1955ರ ಸೆಪ್ಟೆಂಬರಿನಲ್ಲಿ, ಸ್ವತಃ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾಯಿತು. ಹೃದಯ ಕೈಕೊಟ್ಟವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡದ ಕಾಲ ಅದು. ಅವರನ್ನು ನೋಡಿಕೊಂಡ ವೈದ್ಯ ಪಾಲ್ ಡಡ್ಲಿ ವೈಟ್ ಆ ರೂಢಿಯನ್ನು ಬಿಟ್ಟು, ಮೆಲ್ಲಗೆ ಎದ್ದು ಓಡಾಡಿ ಮತ್ತೆ ಕೆಲಸಕ್ಕೆ ಮರಳಲು ಉತ್ತೇಜಿಸಿದರು. ಮುಂದೆ ಬಂದ ವಿಜ್ಞಾನದ ದೃಷ್ಟಿಯಿಂದ ನೋಡಿದರೆ, ಮಂಡಳಿಯ ಸ್ಥಾಪನೆಗಿಂತ ಈ ವೈದ್ಯರ ಧೈರ್ಯವೇ ಹೆಚ್ಚು ಮಹತ್ವದ್ದು.

ಕೆನಡಿ ಸಹೋದರರ ಕಾಲಕ್ಕೆ ಇದೇ ಚಿಂತೆ ಉತ್ಸಾಹದ ರೂಪ ತಾಳಿತು. 1963ರ ಫೆಬ್ರುವರಿಯ ಕೊರೆಯುವ ಚಳಿಯಲ್ಲಿ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ, ಮಾಮೂಲಿ ಆಫೀಸಿನ ಬೂಟು ಹಾಕಿಕೊಂಡೇ, ಪೊಟೊಮ್ಯಾಕ್ ನದಿಯ ಪಕ್ಕದ ಹಳೆಯ ಕಾಲುವೆ ದಾರಿ ಹಿಡಿದು ಒಂದೇ ದಿನದಲ್ಲಿ 50 ಮೈಲಿ ನಡೆದರು. ಶಾಲೆಗಳಲ್ಲಿ ಕ್ಷಮತಾ ಪರೀಕ್ಷೆ ನಡೆದು, 1966ರಿಂದ ಗೆದ್ದವರಿಗೆ ಅಧ್ಯಕ್ಷರ ಹೆಸರಿನ ಬಹುಮಾನ ದೊರೆಯಿತು. ಓಡಬಲ್ಲ, ಕಂಬಿಗೆ ಜೋತುಬಿದ್ದು ಮೈ ಎತ್ತಬಲ್ಲ ಮಕ್ಕಳನ್ನು ಆ ಪರೀಕ್ಷೆ ಗುರುತಿಸಿತು. ಉಳಿದ ಮಕ್ಕಳಿಗೆ, ಅವರ ತಾಯಿತಂದೆಯರಿಗೆ, ಎಷ್ಟು ಚಟುವಟಿಕೆ ಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ಉತ್ತರದ ಮೊದಲ ಸುಳಿವು ಕ್ರೀಡಾಂಗಣದಿಂದ ಬರಲಿಲ್ಲ, ಕೂಲಿಯಿಂದ ಬಂತು. 1953ರಲ್ಲಿ ಲಂಡನ್ನಿನ ಜೆರೆಮಿ ಮಾರಿಸ್, ಡಬಲ್ ಡೆಕ್ಕರ್ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ, ಕುಳಿತೇ ಇರುವ ಡ್ರೈವರುಗಳಿಗಿಂತ ಹೃದಯಾಘಾತ ಕಡಿಮೆ ಎಂದು ತೋರಿಸಿದ್ದು ಹೆಸರಾದ ಅಧ್ಯಯನ. ಅದಕ್ಕಿಂತ ಕಡಿಮೆ ಹೆಸರು ಕೇಳಿಬರುವ ಇನ್ನೊಂದು ಜಾರ್ಜಿಯಾದ ಇವಾನ್ಸ್ ಕೌಂಟಿಯದು. ಕ್ಲಾಕ್ಸ್‌ಟನ್ ಎಂಬ ಸಣ್ಣ ಊರಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದ ಡಾ. ಕರ್ಟಿಸ್ ಹೇಮ್ಸ್ ಅವರಿಗೆ ಒಂದು ಒಗಟು ಎದುರಾಗಿತ್ತು. ತಮ್ಮಲ್ಲಿಗೆ ಬರುವ ಕಪ್ಪುವರ್ಣೀಯರಲ್ಲಿ ರಕ್ತದೊತ್ತಡ ಬಿಳಿಯರಿಗಿಂತ ಹೆಚ್ಚು. ಆದರೆ ಅವರಲ್ಲಿ ಹೃದಯಾಘಾತ ಬಿಳಿಯರಿಗಿಂತ ಕಡಿಮೆ. ಉತ್ತರ ಕ್ಯಾರೊಲಿನಾದ ಚ್ಯಾಪೆಲ್ ಹಿಲ್ ವಿಶ್ವವಿದ್ಯಾಲಯದಲ್ಲಿದ್ದ, ದಕ್ಷಿಣ ಆಫ್ರಿಕಾ ಮೂಲದ ಜಾನ್ ಕ್ಯಾಸೆಲ್ ಈ ಒಗಟನ್ನು ಕೈಗೆತ್ತಿಕೊಂಡರು. 1960ರಿಂದ ಆ ಕೌಂಟಿಯ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿ, ವರ್ಷಗಟ್ಟಲೆ ಅವರ ಜಾಡು ಹಿಡಿದು ನೋಡಲಾಯಿತು. ಹಳ್ಳಿ ವೈದ್ಯರೊಬ್ಬರು ತಮ್ಮ ರೋಗಿಗಳನ್ನು ಗಮನವಿಟ್ಟು ನೋಡಿದ್ದರಿಂದ ಹುಟ್ಟಿದ ಈ ಅಧ್ಯಯನ ಅಮೆರಿಕದ ದೊಡ್ಡ ಹೃದ್ರೋಗ ಸಮೀಕ್ಷೆಗಳ ಸಾಲಿಗೆ ಸೇರಿತು.

ಮೊದಮೊದಲು ಎದ್ದು ಕಂಡದ್ದು ಬಣ್ಣದ ವ್ಯತ್ಯಾಸ. ಬಿಡಿಸಿ ನೋಡಿದಾಗ ಅದರ ಕೆಳಗೆ ಕಸುಬಿನ ವ್ಯತ್ಯಾಸವಿತ್ತು. ಇನ್ನೊಬ್ಬರ ಹೊಲವನ್ನು ಪಾಲಿಗೆ ಮಾಡುವ ಒಕ್ಕಲು, ದಿನಗೂಲಿಯ ಆಳು, ಹೀಗೆ ಮೈಮುರಿದು ದುಡಿಯುವ ಬಡ ಬಿಳಿಯರಲ್ಲೂ ಹೃದ್ರೋಗ ಕಪ್ಪುವರ್ಣೀಯರಲ್ಲಿದ್ದಷ್ಟೇ ಕಡಿಮೆ. ಕುಳಿತು ಕೆಲಸ ಮಾಡುವ, ಕೈಯಲ್ಲಿ ಕಾಸಿದ್ದ ಬಿಳಿಯರಲ್ಲಿ ಹೆಚ್ಚು. 1971ರಲ್ಲಿ ಕ್ಯಾಸೆಲ್ ಮತ್ತು ಜೊತೆಗಾರರು ಕಸುಬು, ದೇಹಶ್ರಮ, ಹೃದ್ರೋಗಗಳ ನಂಟನ್ನು ಮಂಡಿಸಿದರು. ಇದನ್ನು ಓದುವಾಗ ಒಂದು ಎಚ್ಚರ ಬೇಕು. ಆ ಒಕ್ಕಲುಗಳ ಬದುಕು ಆರೋಗ್ಯದ ಬದುಕಾಗಿರಲಿಲ್ಲ. ಸಾಲ, ಅರೆಹೊಟ್ಟೆ, ವೈದ್ಯರಿಲ್ಲದ ಹೆರಿಗೆ ಎಲ್ಲವೂ ಅಲ್ಲಿದ್ದವು. ಆ ಬದುಕಿನ ಕಷ್ಟಗಳ ನಡುವೆ ಹೃದಯಕ್ಕೆ ಮಾತ್ರ ಒಂದು ರಕ್ಷಣೆ ಸಿಕ್ಕಿತ್ತು, ಅದೂ ಬೇಡದೆ ಬಂದದ್ದು. ಹೊಲಕ್ಕೆ ಟ್ರಾಕ್ಟರು ಬಂದ ಮೇಲೆ ಆ ದುಡಿಮೆ ಹೋಯಿತು. ಅದರ ಜಾಗಕ್ಕೆ ಆಟ, ಈಜು, ನಡಿಗೆ ಬರಬೇಕಾಗಿತ್ತು.

ಆದರೆ ಆಡುವ ಜಾಗವೇ ಕಪ್ಪುವರ್ಣೀಯರಿಗೆ ಮುಚ್ಚಿತ್ತು. ಸಾರ್ವಜನಿಕ ಆರೋಗ್ಯದ ಚರಿತ್ರೆಗಳು ಈ ಅಧ್ಯಾಯವನ್ನು ಬಹುಮಟ್ಟಿಗೆ ಬಿಟ್ಟೇಬಿಡುತ್ತವೆ. ಅದನ್ನು ಬಿಟ್ಟರೆ ಮುಂದಿನ ಅಂಕಿಅಂಶಗಳು ಅರ್ಥವಾಗುವುದಿಲ್ಲ. 1949ರ ಜೂನಿನಲ್ಲಿ ವಾಷಿಂಗ್ಟನ್ನಿನ ಅನಕೋಸ್ಟಿಯಾ ಈಜುಕೊಳಕ್ಕೆ ಕಪ್ಪು ಹುಡುಗರು ಇಳಿದಾಗ ಬಿಳಿಯರು ಮೇಲೆಬಿದ್ದು ಗಲಭೆಯಾಯಿತು. 1951ರಲ್ಲಿ ಅಟ್ಲಾಂಟಾ ನಗರದ ಬಾಬಿ ಜೋನ್ಸ್ ಗಾಲ್ಫ್ ಮೈದಾನಕ್ಕೆ ಹೋದ ಡಾ. ಹ್ಯಾಮಿಲ್ಟನ್ ಹೋಮ್ಸ್ ಮತ್ತು ಅವರ ಮಕ್ಕಳನ್ನು ಬಣ್ಣದ ಕಾರಣಕ್ಕೆ ಹಿಂದಕ್ಕೆ ಕಳಿಸಲಾಯಿತು. ಅವರು ಸ್ವತಃ ವೈದ್ಯರು, ತೆರಿಗೆ ಕಟ್ಟುವ ನಾಗರಿಕರು, ಮೈದಾನ ಸರ್ಕಾರದ್ದು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1955ರ ನವೆಂಬರಿನಲ್ಲಿ ಅವರ ಪರವಾಗಿ ತೀರ್ಪಾಯಿತು. ಆ ವರ್ಷದ ಕ್ರಿಸ್‌ಮಸ್ ಹಿಂದಿನ ದಿನ ಹೋಮ್ಸ್ ಕುಟುಂಬದವರು ನಗರದ ಗಾಲ್ಫ್ ಮೈದಾನಕ್ಕೆ ಇಳಿದರು. ದಕ್ಷಿಣ ಕ್ಯಾರೊಲಿನಾ ಇನ್ನೂ ಬಿಗಿ ಹಿಡಿಯಿತು. ಎಲ್ಲರಿಗೂ ತೆರೆಯಬೇಕಾದೀತೆಂದು 1956ರಲ್ಲಿ ಎಡಿಸ್ಟೊ ಕಡಲತೀರದ ಉದ್ಯಾನವನ್ನೇ ಮುಚ್ಚಿತು. 1963ರಲ್ಲಿ ರಾಜ್ಯದ ಉದ್ಯಾನಗಳೆಲ್ಲವಕ್ಕೂ ಬೀಗ ಹಾಕಿತು. 1968ರ ಫೆಬ್ರುವರಿ 8ರ ರಾತ್ರಿ ಆರೆಂಜ್‌ಬರ್ಗ್ ಊರಿನಲ್ಲಿ, ಬೌಲಿಂಗ್ ಆಡುವ ಮನೆಯೊಂದಕ್ಕೆ ಪ್ರವೇಶ ಕೇಳಿ ಪ್ರತಿಭಟಿಸುತ್ತಿದ್ದ ವಿದ್ಯಾರ್ಥಿಗಳ ಮೇಲೆ ಹೆದ್ದಾರಿ ಪೊಲೀಸರು ಗುಂಡು ಹಾರಿಸಿದರು. ಸ್ಯಾಮುಯಲ್ ಹ್ಯಾಮಂಡ್, ಡೆಲಾನೊ ಮಿಡಲ್ಟನ್, ಹೆನ್ರಿ ಸ್ಮಿತ್ ಎಂಬ ಮೂವರು ಸತ್ತರು. ಒಂದು ಆಟದ ಮನೆಯ ಬಾಗಿಲಿಗಾಗಿ ಮೂರು ಜೀವ ಹೋದ ರಾಜ್ಯದಲ್ಲೇ, ಹತ್ತಾರು ವರ್ಷಗಳ ನಂತರ, ಯಾರು ಎಷ್ಟು ವ್ಯಾಯಾಮ ಮಾಡುತ್ತಾರೆಂದು ಲೆಕ್ಕ ಹಾಕುವ ದೊಡ್ಡ ಕೇಂದ್ರ ಬೆಳೆಯಿತು.

ಈ ವಿಜ್ಞಾನದ ಇನ್ನೊಂದು ನೆಲೆಯಾದ ಅಟ್ಲಾಂಟಾದ ಕಥೆ ಸೊಳ್ಳೆಯಿಂದ ಶುರುವಾಗುತ್ತದೆ. ಯುದ್ಧಕಾಲದಲ್ಲಿ ದಕ್ಷಿಣದ ಸೈನಿಕ ಶಿಬಿರಗಳ ಸುತ್ತ ಮಲೇರಿಯಾ ತಡೆಯಲು 1942ರಲ್ಲಿ ಕಟ್ಟಿದ ಇಲಾಖೆಯೇ 1946ರ ಜುಲೈ 1ರಂದು ಸಾಂಕ್ರಾಮಿಕ ರೋಗಗಳ ಕೇಂದ್ರವಾಯಿತು. ಅದೇ ಇಂದಿನ ಸಿಡಿಸಿ. ದೇಶದ ಆರೋಗ್ಯ ಸಂಸ್ಥೆ ರಾಜಧಾನಿಯಲ್ಲಿರದೆ ಜಾರ್ಜಿಯಾದಲ್ಲಿ ನೆಲೆನಿಂತದ್ದು ಮಲೇರಿಯಾ ಅಲ್ಲಿದ್ದುದರಿಂದ. 1947ರಲ್ಲಿ ಎಮರಿ ವಿಶ್ವವಿದ್ಯಾಲಯ ಕ್ಲಿಫ್ಟನ್ ರಸ್ತೆಯಲ್ಲಿ 15 ಎಕರೆ ಜಾಗ ಕೊಟ್ಟಿತು. ಲೆಕ್ಕಕ್ಕೆ ನೌಕರರು ಸೇರಿ 10 ಡಾಲರ್ ಕಟ್ಟಿದರು. ಈ ಏರ್ಪಾಡಿನ ಹಿಂದೆ ಕೋಕಾ-ಕೋಲಾ ಕಂಪನಿಯ ಯಜಮಾನ ರಾಬರ್ಟ್ ವುಡ್ರಫ್ ಇದ್ದರು. ನೈಋತ್ಯ ಜಾರ್ಜಿಯಾದ ತಮ್ಮ ಇಚಾವೇ ಎಸ್ಟೇಟಿನಲ್ಲಿ ಮಲೇರಿಯಾದ ಹಾವಳಿ ಕಣ್ಣಾರೆ ಕಂಡವರು ಅವರು.

ಮಲೇರಿಯಾ ಹೋಯಿತು, ಪೋಲಿಯೊ ಹಿಂದೆ ಸರಿಯಿತು, ಸಿಡುಬು ಅಳಿಯಿತು. ಜನ ಸಾಯುತ್ತಿದ್ದುದು ಹೃದಯಾಘಾತ, ಪಾರ್ಶ್ವವಾಯು, ಮಧುಮೇಹಗಳಿಂದ. ರೋಗಾಣುವಿನ ಬೆನ್ನು ಹತ್ತಿದ್ದ ಸಂಸ್ಥೆ 1980ರ ದಶಕದಲ್ಲಿ ಜನರ ದಿನಚರಿಯ ಕಡೆಗೆ ತಿರುಗಿತು. ಕೆನೆತ್ ಪವೆಲ್ ಮತ್ತು ಕಾರ್ಲ್ ಕ್ಯಾಸ್ಪರ್ಸನ್ ಎಂಬ ಇಬ್ಬರು ಅಲ್ಲಿ ಈ ಕೆಲಸಕ್ಕೆ ಬುನಾದಿ ಹಾಕಿದರು. 1984ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಾದಲ್ಲಿ ತಜ್ಞರ ಕಮ್ಮಟ ನಡೆಯಿತು. ಮರುವರ್ಷ ಕ್ಯಾಸ್ಪರ್ಸನ್, ಪವೆಲ್ ಮತ್ತು ಕ್ರಿಸ್ಟೆನ್ಸನ್ ಬರೆದ ಪುಟ್ಟ ಪ್ರಬಂಧ ಇಂದಿಗೂ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ಬರಹಗಳಲ್ಲಿ ಒಂದು. ಅದರ ಪ್ರಕಾರ ಸ್ನಾಯು ಅಲುಗಿ ಶಕ್ತಿ ಖರ್ಚಾಗುವ ಯಾವುದೇ ಚಲನೆ ದೈಹಿಕ ಚಟುವಟಿಕೆ. ಅದರಲ್ಲಿ ಯೋಜನೆ ಹಾಕಿಕೊಂಡು, ಮೈ ಕಟ್ಟಲೆಂದೇ ಮತ್ತೆ ಮತ್ತೆ ಮಾಡುವುದು ವ್ಯಾಯಾಮ. ಕ್ಷಮತೆ ಎಂಬುದು ದೇಹದಲ್ಲಿ ಇರುವ ಗುಣ. ಈ ವಿಂಗಡಣೆ ಬಂದ ಮೇಲೆ ಬಾವಿಯಿಂದ ನೀರು ಸೇದುವುದೂ, ಬಸ್ ಸ್ಟ್ಯಾಂಡಿನವರೆಗೆ ನಡೆಯುವುದೂ, ಮನೆ ಸಾರಿಸುವುದೂ ವಿಜ್ಞಾನದ ಲೆಕ್ಕಕ್ಕೆ ಸೇರಿದವು. ಅದೇ ತಂಡ 1987ರಲ್ಲಿ 43 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ಚಟುವಟಿಕೆಯಿಲ್ಲದವರಿಗೆ ಹೃದ್ರೋಗದ ಅಪಾಯ ಸುಮಾರು ಎರಡು ಪಟ್ಟು. ಎಂದರೆ ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನಗಳು ತರುವ ಅಪಾಯದ ಸರಿಸಮ ಎಂಬ ತೀರ್ಮಾನಕ್ಕೆ ಬಂತು.

ದಕ್ಷಿಣ ಕ್ಯಾರೊಲಿನಾದ ರಾಜಧಾನಿ ಕೊಲಂಬಿಯಾದಲ್ಲಿ ಈ ವಿಜ್ಞಾನ ಬೆಳೆದದ್ದಕ್ಕೆ ಇಬ್ಬರ ಹೆಸರು ಹೇಳಬೇಕು. 1960ರ ದಶಕದಲ್ಲೇ ಅಲ್ಲಿನ ವಿಶ್ವವಿದ್ಯಾಲಯ ಸೇರಿದ್ದ ಸ್ಟೀವನ್ ಬ್ಲೇರ್ ನಂತರ ಟೆಕ್ಸಾಸಿನ ಡಲ್ಲಾಸ್‌ಗೆ ಹೋದರು. ಅಲ್ಲಿನ ಕೂಪರ್ ಕ್ಲಿನಿಕ್ಕಿನಲ್ಲಿ ಟ್ರೆಡ್‌ಮಿಲ್ ಪರೀಕ್ಷೆಗೆ ಒಳಗಾದ 13,344 ಮಂದಿಯನ್ನು ಎಂಟು ವರ್ಷಕ್ಕೂ ಮೇಲ್ಪಟ್ಟು ಅನುಸರಿಸಿ 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ಕ್ಷಮತೆಯ ಕಟ್ಟಕಡೆಯ ಐದನೇ ಒಂದು ಪಾಲಿನ ಗಂಡಸರಲ್ಲಿ ಹತ್ತು ಸಾವಿರ ವ್ಯಕ್ತಿ-ವರ್ಷಗಳಿಗೆ 64 ಸಾವು. ಮೇಲ್ತುದಿಯ ಪಾಲಿನಲ್ಲಿ 18.6. ಹೆಂಗಸರಲ್ಲಿ 39.5 ಮತ್ತು 8.5. ಎಲ್ಲಕ್ಕಿಂತ ಮುಖ್ಯವಾದದ್ದು ನಡುವಿನ ಅಂಕಿಗಳು: ತೀರಾ ಕೆಳಗಿದ್ದವರು ಒಂದು ಮೆಟ್ಟಿಲು ಮೇಲೆ ಬಂದರೂ ಸಾಕು, ಅಪಾಯ ಗಣನೀಯವಾಗಿ ಇಳಿಯುತ್ತಿತ್ತು. ಮ್ಯಾರಥಾನ್ ಓಡುವ ಅಗತ್ಯವಿಲ್ಲ ಎಂಬ ಮಾತಿಗೆ ಮೊದಲ ಗಟ್ಟಿ ಪುರಾವೆಗಳಲ್ಲಿ ಇದೂ ಒಂದು.

ಇನ್ನೊಬ್ಬರು ರಸೆಲ್ ಪೇಟ್. ಅವರು ತಾವೇ ಒಳ್ಳೆಯ ಮ್ಯಾರಥಾನ್ ಓಟಗಾರರು. ಆದರೂ ಓಡದವರಿಗಾಗಿ ಸಲಹೆ ಬರೆಯುವ ತಂಡದ ಮುಂದಾಳಾದರು. 1978ರಲ್ಲಿ ಅಮೆರಿಕದ ಕ್ರೀಡಾ ವೈದ್ಯಕೀಯ ತಜ್ಞರ ಸಂಘವು ವಾರಕ್ಕೆ ಮೂರರಿಂದ ಐದು ದಿನ, 15ರಿಂದ 60 ನಿಮಿಷ ಬೆವರು ಕಿತ್ತುಬರುವ ವ್ಯಾಯಾಮ ಬೇಕೆಂದಿತ್ತು. ಹೃದಯ, ಶ್ವಾಸಕೋಶಗಳ ಸಾಮರ್ಥ್ಯ ಏರಿಸುವುದಕ್ಕೆ ಅದು ಸರಿಯಾದ ಮಾತು. ಆದರೆ ಸಾಮಾನ್ಯ ಜನ ಅದನ್ನು ಕೇಳಿ, ತಮ್ಮಿಂದಾಗದು ಎಂದು ಸುಮ್ಮನಾಗುತ್ತಿದ್ದರು. 1995ರ ಹೊಸ ಸಲಹೆಯನ್ನು ಸಿಡಿಸಿ ಮತ್ತು ಅದೇ ಸಂಘ ಕೂಡಿ ಹೊರಡಿಸಿದವು: ಪ್ರತಿ ವಯಸ್ಕರೂ ವಾರದ ಬಹುತೇಕ ದಿನ, ಸಾಧ್ಯವಾದರೆ ಎಲ್ಲ ದಿನವೂ, ಒಟ್ಟು 30 ನಿಮಿಷದ ಮಧ್ಯಮ ಪ್ರಮಾಣದ ಚಟುವಟಿಕೆ ನಡೆಸಬೇಕು, ಒಂದೇ ಸಲಕ್ಕೆ ಆಗಬೇಕೆಂದಿಲ್ಲ, ತುಣುಕುತುಣುಕಾಗಿ ಕೂಡಿಸಿಕೊಳ್ಳಬಹುದು. ಬರೆದವರ ಪಟ್ಟಿಯಲ್ಲಿ ಪೇಟ್, ಬ್ಲೇರ್, ಸಿಡಿಸಿಯ ಮೈಕೆಲ್ ಪ್ರ್ಯಾಟ್ ಇದ್ದರು.

ಚಟುವಟಿಕೆಯನ್ನು ಮಧ್ಯಮ ಎಂದು ಕರೆಯಲು ಅಳತೆಗೋಲು ಬೇಕಾಗಿತ್ತು. ಮುಂದೆ ಹಲವು ವರ್ಷ ಕೊಲಂಬಿಯಾದಲ್ಲಿ ಪಾಠ ಮಾಡಿದ ಬಾರ್ಬರಾ ಏನ್ಸ್‌ವರ್ತ್ ಮತ್ತು ಸಂಗಡಿಗರು 1993ರಲ್ಲೇ ಅದನ್ನು ಸಿದ್ಧಪಡಿಸಿದ್ದರು. ಸುಮ್ಮನೆ ಕುಳಿತಾಗ ದೇಹ ಬಳಸುವ ಶಕ್ತಿಯನ್ನು ಒಂದು ‘ಮೆಟ್’ ಎಂದಿಟ್ಟುಕೊಂಡು, ಉಳಿದ ಕೆಲಸಗಳು ಅದರ ಎಷ್ಟು ಪಟ್ಟು ಎಂದು ಹೇಳುವ ಕೋಷ್ಟಕ ಅದು. ಮೂರರಿಂದ ಆರು ಮೆಟ್‌ವರೆಗಿನದು ಮಧ್ಯಮ. ಮೊದಲ ಆವೃತ್ತಿಯಲ್ಲಿ 477 ನಮೂದುಗಳಿದ್ದವು, 2000ದಲ್ಲಿ 605, 2011ರಲ್ಲಿ 821. 2011ರ ಪಟ್ಟಿಯಲ್ಲಿ ಹಠಯೋಗಕ್ಕೆ 2.5, ಸೂರ್ಯನಮಸ್ಕಾರಕ್ಕೆ 3.3 ಎಂದು ಬೆಲೆ ಕಟ್ಟಲಾಗಿದೆ; ಎಂದರೆ ಸೂರ್ಯನಮಸ್ಕಾರ ಚುರುಕು ನಡಿಗೆಯ ವರ್ಗಕ್ಕೆ ಸೇರುತ್ತದೆ. ಈ ಕೋಷ್ಟಕ ಇಲ್ಲದಿದ್ದರೆ ಒಂದು ದೇಶದ ಅಧ್ಯಯನವನ್ನು ಇನ್ನೊಂದರ ಜೊತೆ ಹೋಲಿಸುವುದು ಬಹಳ ಕಷ್ಟವಾಗುತ್ತಿತ್ತು.

1995ರ ಡಿಸೆಂಬರಿನಲ್ಲಿ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಆವರಣದಲ್ಲಿ ಸೇರಿದ ಸ್ವತಂತ್ರ ತಜ್ಞಸಭೆ ಈ ಸಲಹೆಯನ್ನು ಎತ್ತಿಹಿಡಿಯಿತು. 1996ರ ಜುಲೈ 11ರಂದು ದೇಶದ ಮುಖ್ಯ ವೈದ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ ದೈಹಿಕ ಚಟುವಟಿಕೆ ವರದಿ ಹೊರಬಂತು. ಬ್ಲೇರ್ ಅದರ ಹಿರಿಯ ವೈಜ್ಞಾನಿಕ ಸಂಪಾದಕರು, ತಯಾರಿ ಸಿಡಿಸಿಯದು. ವಯಸ್ಕ ಅಮೆರಿಕನ್ನರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿಗೆ ಸಾಕಷ್ಟು ಚಟುವಟಿಕೆಯಿಲ್ಲ, ಶೇ. 25 ಮಂದಿಗೆ ಏನೇನೂ ಇಲ್ಲ ಎಂಬುದು ಅದರ ಮುಖ್ಯ ಸುದ್ದಿ. ಎಂಟು ದಿನಕ್ಕೆ, ಜುಲೈ 19ರಂದು, ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ಆರಂಭವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕ್ರೀಡಾ ವಿಜ್ಞಾನಕ್ಕೆ ಕೊಟ್ಟ ಮೊದಲ ಬಹುಮಾನವನ್ನು ಬಸ್ ಕಂಡಕ್ಟರುಗಳ ಮಾರಿಸ್ ಮತ್ತು ಹಡಗುಕಟ್ಟೆ ಕಾರ್ಮಿಕರನ್ನು ಅಧ್ಯಯನ ಮಾಡಿದ ರಾಲ್ಫ್ ಪ್ಯಾಫೆನ್‌ಬಾರ್ಗರ್ ಹಂಚಿಕೊಂಡರು.

ಆ ಒಲಿಂಪಿಕ್ಸ್ ಯಾರೂ ಯೋಜಿಸದ ಪ್ರಯೋಗವೊಂದಕ್ಕೂ ಎಡೆಮಾಡಿತು. ಹದಿನೇಳು ದಿನ ಅಟ್ಲಾಂಟಾದ ಜನ ಕಾರು ಬಿಟ್ಟು ರೈಲು, ಬಸ್ಸು ಹತ್ತಿದರು. ಬೆಳಗಿನ ದಟ್ಟ ಹೊತ್ತಿನ ವಾಹನ ಸಂಚಾರ ಶೇ. 22.5ರಷ್ಟು, ಗಾಳಿಯಲ್ಲಿನ ಓಜೋನ್ ಗರಿಷ್ಠ ಪ್ರಮಾಣ ಶೇ. 27.9ರಷ್ಟು ಇಳಿದವು. ಬಡವರ ಸರ್ಕಾರಿ ವಿಮೆಯ ದಾಖಲೆಗಳಲ್ಲಿ ಮಕ್ಕಳ ಆಸ್ತಮಾ ತುರ್ತು ಪ್ರಕರಣಗಳು ಶೇ. 41.6 ಕಡಿಮೆಯಾದವು. 2001ರಲ್ಲಿ ಇದು ಪ್ರಕಟವಾದಾಗ ಹಲವು ನಗರಯೋಜಕರು ಎತ್ತಿ ಹೇಳಿದರು. ಲೇಖಕರಲ್ಲಿ ಕೆನೆತ್ ಪವೆಲ್ ಕೂಡ ಒಬ್ಬರು. 2010ರಲ್ಲಿ ಇನ್ನೊಂದು ತಂಡ ಮತ್ತೆ ಪರಿಶೀಲಿಸಿದಾಗ ಆ ದಿನಗಳಲ್ಲಿ ಓಜೋನ್ ಇಳಿದದ್ದು ಆಗ್ನೇಯದ ಬೇರೆ ಊರುಗಳಲ್ಲೂ ಕಂಡಿತು. ಹವಾಮಾನದ ಪಾಲು ದೊಡ್ಡದಿತ್ತು. ಮೊದಲಿನ ಹಿಗ್ಗು ಇಷ್ಟು ಕುಗ್ಗಿದ್ದು ನಿಜ. ಆದರೂ ರಸ್ತೆ, ವಾಹನ, ಮಕ್ಕಳ ಎದೆ ಇವು ಮೂರನ್ನೂ ಒಂದೇ ಪ್ರಶ್ನೆಯಾಗಿ ಕೇಳಬೇಕೆಂದು ಕಲಿಸಿದ ಕೀರ್ತಿ ಮೊದಲ ಅಧ್ಯಯನಕ್ಕೇ ಸಲ್ಲಬೇಕು.

2004ರಲ್ಲಿ ಲಾರೆನ್ಸ್ ಫ್ರ್ಯಾಂಕ್, ಸಿಡಿಸಿಯ ಥಾಮಸ್ ಶ್ಮಿಡ್ ಮೊದಲಾದವರು ಅಟ್ಲಾಂಟಾ ಪ್ರದೇಶದ 10,878 ಮಂದಿಯ ಓಡಾಟವನ್ನು ಅಳೆದರು. ದಿನಕ್ಕೆ ಕಾರಿನಲ್ಲಿ ಕಳೆಯುವ ಪ್ರತಿ ಹೆಚ್ಚುವರಿ ಗಂಟೆಗೆ ಬೊಜ್ಜಿನ ಸಂಭವ ಶೇ. 6ರಷ್ಟು ಏರುತ್ತಿತ್ತು, ನಡೆಯುವ ಪ್ರತಿ ಕಿಲೋಮೀಟರಿಗೆ ಶೇ. 4.8 ಇಳಿಯುತ್ತಿತ್ತು. ಅಂಗಡಿ, ಶಾಲೆ, ಮನೆ ಒಂದಕ್ಕೊಂದು ಹತ್ತಿರವಿದ್ದ ಬಡಾವಣೆಗಳಲ್ಲಿ ಬೊಜ್ಜು ಕಡಿಮೆ. ಫುಟ್‌ಪಾತೇ ಇಲ್ಲದ ರಸ್ತೆ ಎಂಥದೆಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಡೆಯದ ಮನುಷ್ಯನಿಗೆ ಬೈದರೆ ಸಾಲದು, ನಡೆಯಲಾಗದ ಊರನ್ನು ತಿದ್ದಬೇಕು ಎಂಬ ವಾದಕ್ಕೆ ಅಟ್ಲಾಂಟಾ ಅಂಕಿಗಳನ್ನು ಒದಗಿಸಿತು. ಅದೇ ನಗರದ ಜಾರ್ಜಿಯಾ ಟೆಕ್‌ನ ವಿದ್ಯಾರ್ಥಿ ರಯಾನ್ ಗ್ರಾವೆಲ್ 1999ರ ಪ್ರೌಢಪ್ರಬಂಧದಲ್ಲಿ ಹಾಳುಬಿದ್ದ ರೈಲುಹಳಿಗಳ 22 ಮೈಲಿ ವರ್ತುಲವನ್ನು ಬಳಸಿಕೊಳ್ಳುವ ಯೋಜನೆ ಹಾಕಿದ್ದರು. ಬೆಲ್ಟ್‌ಲೈನ್ ಎಂದು ಹೆಸರಾದ ಆ ದಾರಿಯ ಪೂರ್ವ ಭಾಗ 2012ರಲ್ಲಿ ನಡೆಯುವವರಿಗೆ ತೆರೆಯಿತು.

ಶಾಲೆಗಳಲ್ಲೂ ಕೆಲಸ ನಡೆಯಿತು. ಪೇಟ್ ಅವರ ತಂಡ ದಕ್ಷಿಣ ಕ್ಯಾರೊಲಿನಾದ 24 ಹೈಸ್ಕೂಲುಗಳನ್ನು ಆರಿಸಿ, ಅರ್ಧದಲ್ಲಿ ಹುಡುಗಿಯರಿಗೆ ಇಷ್ಟವಾಗುವಂತೆ ವ್ಯಾಯಾಮದ ಪಾಠವನ್ನೂ ಶಾಲೆಯ ವಾತಾವರಣವನ್ನೂ ಬದಲಾಯಿಸಿತು. 2005ರ ವರದಿಯಂತೆ, ಬದಲಾದ ಶಾಲೆಗಳಲ್ಲಿ ಶೇ. 45ರಷ್ಟು ಹುಡುಗಿಯರು ಬಿರುಸಿನ ಚಟುವಟಿಕೆಯಲ್ಲಿ ತೊಡಗಿದ್ದರೆ ಉಳಿದವುಗಳಲ್ಲಿ ಶೇ. 36.

ಈ ಚರಿತ್ರೆಯಲ್ಲಿ ಒಂದು ನೋವಿನ ಪ್ರಸಂಗವೂ ಇದೆ. 2015ರ ಆಗಸ್ಟಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಒಂದು ವರದಿ ಪ್ರಕಟಿಸಿತು. ಕೊಲಂಬಿಯಾಕ್ಕೆ ಮರಳಿ ಬಂದಿದ್ದ ಬ್ಲೇರ್ ಮತ್ತು ಇತರ ವಿಜ್ಞಾನಿಗಳು ಕಟ್ಟಿದ್ದ ‘ಜಾಗತಿಕ ಶಕ್ತಿ ಸಮತೋಲನ ಜಾಲ’ಕ್ಕೆ ಅಟ್ಲಾಂಟಾದ ಕೋಕಾ-ಕೋಲಾ ಸುಮಾರು 15 ಲಕ್ಷ ಡಾಲರ್ ಕೊಟ್ಟಿತ್ತು. ಬೊಜ್ಜಿಗೆ ತಿನ್ನುವುದು, ಕುಡಿಯುವುದಕ್ಕಿಂತ ಚಟುವಟಿಕೆಯ ಕೊರತೆಯೇ ದೊಡ್ಡ ಕಾರಣ ಎಂಬ ಧ್ವನಿ ಅದರ ಪ್ರಚಾರದಲ್ಲಿತ್ತು. ಟೀಕೆಯ ಬಿರುಗಾಳಿಗೆ ಸಿಕ್ಕಿ ವರ್ಷ ಮುಗಿಯುವುದರೊಳಗೆ ಜಾಲ ಮುಚ್ಚಿತು. ಕೊಲೊರಾಡೊ ವಿಶ್ವವಿದ್ಯಾಲಯ ತಾನು ಪಡೆದ 10 ಲಕ್ಷ ಡಾಲರನ್ನು ಹಿಂದಿರುಗಿಸಿತು. ಬ್ಲೇರ್ 2023ರಲ್ಲಿ ತೀರಿಕೊಂಡರು. 1989ರ ಅವರ ಅಂಕಿಗಳು ಇದರಿಂದ ಸುಳ್ಳಾಗುವುದಿಲ್ಲ. ನಡಿಗೆಯಿಂದ ಹೃದಯಕ್ಕಾಗುವ ಲಾಭ ಸಕ್ಕರೆ ನೀರಿನಿಂದಾಗುವ ಹಾನಿಯನ್ನು ಮರೆಮಾಡಲು ಬಳಕೆಯಾಗಬಾರದು ಎಂಬ ಪಾಠವನ್ನು ಈ ಕ್ಷೇತ್ರ ತಡವಾಗಿ ಕಲಿತಿತು.

ಅಷ್ಟರಲ್ಲಿ ಅಳೆಯುವ ರೀತಿಯೇ ಬದಲಾಗಿತ್ತು. ಅಲ್ಲಿಯವರೆಗಿನ ಚಟುವಟಿಕೆಯ ಲೆಕ್ಕ ಬಹುಮಟ್ಟಿಗೆ ಜನರನ್ನು ಕೇಳಿ ಬರೆದುಕೊಂಡದ್ದು. 2003ರಿಂದ 2006ರವರೆಗೆ, ವಾಷಿಂಗ್ಟನ್ ಪಕ್ಕದ ಹಯಾಟ್ಸ್‌ವಿಲ್‌ನಲ್ಲಿರುವ ಆರೋಗ್ಯ ಅಂಕಿಅಂಶ ಕೇಂದ್ರವು ತನ್ನ ರಾಷ್ಟ್ರೀಯ ಸಮೀಕ್ಷೆಗೆ ಬಂದವರ ಸೊಂಟಕ್ಕೆ ಚಲನೆ ದಾಖಲಿಸುವ ಪುಟ್ಟ ಯಂತ್ರ ಕಟ್ಟಿ ಒಂದು ವಾರದ ಮಟ್ಟಿಗೆ ಕಳಿಸಿತು. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ರಿಚರ್ಡ್ ಟ್ರೊಯಾನೊ 2008ರಲ್ಲಿ ಅದರ ಮೊದಲ ಫಲಿತಾಂಶ ಬಿಡಿಸಿಟ್ಟರು. ಬಾಯಲ್ಲಿ ಹೇಳುವಾಗ ಸುಮಾರು ಅರ್ಧದಷ್ಟು ವಯಸ್ಕರು ಸಲಹೆ ಪಾಲಿಸುತ್ತಿದ್ದರು. ಯಂತ್ರದ ಲೆಕ್ಕದಲ್ಲಿ ಶೇ. 5ಕ್ಕಿಂತ ಕಡಿಮೆ. ಜನ ಬೇಕೆಂದೇ ಸುಳ್ಳು ಹೇಳಿದರೆಂದು ಇದರ ಅರ್ಥವಲ್ಲ. ಕೈತೋಟದ ಕೆಲಸ, ಭಾರ ಎತ್ತುವುದು, ಈಜು ಸೊಂಟದ ಯಂತ್ರಕ್ಕೆ ಸರಿಯಾಗಿ ಕಾಣುವುದಿಲ್ಲ. ಮನುಷ್ಯನ ನೆನಪಿಗೆ ನಿಮಿಷಗಳ ಲೆಕ್ಕವೂ ಸರಿಯಾಗಿ ಸಿಗುವುದಿಲ್ಲ.

ಅದೇ ದಾಖಲೆಯಿಂದ 2020ರ ಮಾರ್ಚಿನಲ್ಲಿ ಕ್ಯಾನ್ಸರ್ ಸಂಸ್ಥೆಯ ಪೆಡ್ರೊ ಸೇಂಟ್-ಮಾರಿಸ್, ಚಾರ್ಲ್ಸ್ ಮ್ಯಾಥ್ಯೂಸ್ ಮತ್ತು ಸಿಡಿಸಿಯ ವಿಜ್ಞಾನಿಗಳು ಹೆಜ್ಜೆಗಳ ಲೆಕ್ಕ ತೆಗೆದರು. ನಲವತ್ತು ದಾಟಿದ 4,840 ಮಂದಿಯನ್ನು ಸರಾಸರಿ ಹತ್ತು ವರ್ಷ ಅನುಸರಿಸಿದಾಗ, ದಿನಕ್ಕೆ 8,000 ಹೆಜ್ಜೆ ಹಾಕುವವರ ಸಾವಿನ ಅಪಾಯ 4,000 ಹೆಜ್ಜೆಯವರಿಗಿಂತ ಶೇ. 51 ಕಡಿಮೆ. ಒಟ್ಟು ಹೆಜ್ಜೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಎಷ್ಟು ವೇಗ ಎಂಬುದರಿಂದ ಬೇರೆ ವ್ಯತ್ಯಾಸ ಕಾಣಲಿಲ್ಲ. ಹತ್ತು ಸಾವಿರ ಹೆಜ್ಜೆ ಎಂಬ ಪ್ರಸಿದ್ಧ ಗುರಿ 1965ರ ಜಪಾನಿನಲ್ಲಿ ಹೆಜ್ಜೆ ಎಣಿಸುವ ಉಪಕರಣವೊಂದರ ಹೆಸರಿನಿಂದ ಬಂದದ್ದು, ಪ್ರಯೋಗಾಲಯದಿಂದಲ್ಲ. 2022ರಲ್ಲಿ 15 ಅಧ್ಯಯನಗಳ 47,471 ಮಂದಿಯನ್ನು ಒಟ್ಟುಗೂಡಿಸಿ ನೋಡಿದಾಗ ಅರವತ್ತು ದಾಟಿದವರಿಗೆ 6,000ದಿಂದ 8,000 ಹೆಜ್ಜೆಯ ಹೊತ್ತಿಗೆ, ಅದಕ್ಕಿಂತ ಕಿರಿಯರಿಗೆ 8,000ದಿಂದ 10,000ದ ಹೊತ್ತಿಗೆ ಲಾಭ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ ಎಂದು ತಿಳಿಯಿತು. ಅದೇ ವರ್ಷದ ಇನ್ನೊಂದು ಲೆಕ್ಕದಂತೆ, 40ರಿಂದ 85 ವಯಸ್ಸಿನ ಅಮೆರಿಕನ್ನರು ದಿನಕ್ಕೆ ಹತ್ತು ನಿಮಿಷ ಹೆಚ್ಚು ಚಟುವಟಿಕೆ ನಡೆಸಿದರೆ ವರ್ಷಕ್ಕೆ ಸುಮಾರು 1.1 ಲಕ್ಷ ಸಾವು ತಪ್ಪುತ್ತದೆ.

ಈ ವಿಜ್ಞಾನವನ್ನು ಫುಟ್‌ಪಾತಿನ ಪ್ರಶ್ನೆಯಾಗಿ ಸರ್ಕಾರದ ಮುಂದಿಟ್ಟವರು ಕನ್ನಡ ಮನೆತನದ ವೈದ್ಯರು. ಮಂಡ್ಯ ಜಿಲ್ಲೆಯ ಹಲ್ಲೇಗೆರೆಯ ಮೂಲದ ತಂದೆತಾಯಿಗೆ ಇಂಗ್ಲೆಂಡಿನಲ್ಲಿ ಹುಟ್ಟಿ ಮಯಾಮಿಯಲ್ಲಿ ಬೆಳೆದ ಡಾ. ವಿವೇಕ್ ಮೂರ್ತಿ 2014ರ ಡಿಸೆಂಬರಿನಲ್ಲಿ ಅಮೆರಿಕದ 19ನೇ ಸರ್ಜನ್ ಜನರಲ್ ಆದರು. 2015ರ ಸೆಪ್ಟೆಂಬರ್ 9ರಂದು ಅವರು ನಡಿಗೆ ಮತ್ತು ನಡೆಯಬಲ್ಲ ಊರುಗಳಿಗಾಗಿ ‘ಸ್ಟೆಪ್ ಇಟ್ ಅಪ್’ ಎಂಬ ಕರೆ ಹೊರಡಿಸಿದರು. ಎಲ್ಲ ವಯಸ್ಸಿನವರೂ ಅಂಗವಿಕಲರೂ ನಡೆಯಲು ಅಥವಾ ಗಾಲಿಕುರ್ಚಿಯಲ್ಲಿ ಸಾಗಲು ಸುರಕ್ಷಿತವಾದ ದಾರಿ ಒದಗಿಸುವುದು ನಗರಯೋಜಕರ, ಸಾರಿಗೆ ಇಲಾಖೆಯ, ಶಾಲೆ ಮತ್ತು ಕಚೇರಿಗಳ ಹೊಣೆ ಎಂದು ಅದು ಹೇಳಿತು. ವೈದ್ಯರ ಚೀಟಿಯಲ್ಲಿದ್ದ ಸಲಹೆ ಹೀಗೆ ರಸ್ತೆ ಎಂಜಿನಿಯರರ ಮೇಜಿಗೂ ಬಂತು.

2008ರಲ್ಲಿ ಮೊದಲ ಸಲ ಸಂಯುಕ್ತ ಸರ್ಕಾರದ ಅಧಿಕೃತ ಮಾರ್ಗಸೂಚಿ ಬಂದು, ದಿನದ 30 ನಿಮಿಷ ವಾರದ 150 ನಿಮಿಷವಾಯಿತು. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ ಸೇರಿತು. 2018ರ ಎರಡನೇ ಆವೃತ್ತಿಗೆ ವೈಜ್ಞಾನಿಕ ತಳಹದಿ ಒದಗಿಸಿದ ಸಲಹಾ ಸಮಿತಿಯ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರು ಕೆನೆತ್ ಪವೆಲ್. ಒಂದು ಸಲಕ್ಕೆ ಹತ್ತು ನಿಮಿಷವಾದರೂ ಇರಬೇಕೆಂಬ ಹಿಂದಿನ ಷರತ್ತನ್ನು ಆ ಆವೃತ್ತಿ ತೆಗೆದುಹಾಕಿತು. ಮೆಟ್ಟಿಲು ಹತ್ತಿದ ಎರಡು ನಿಮಿಷವೂ ಈಗ ಲೆಕ್ಕಕ್ಕಿದೆ. ಭಾರತದಲ್ಲೂ ವೈದ್ಯರು ಹೇಳುವುದು ಇದೇ ಅಳತೆ. 2024ರಲ್ಲಿ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ 2022ರಲ್ಲಿ ಭಾರತದ ವಯಸ್ಕರಲ್ಲಿ ಹತ್ತಿರಹತ್ತಿರ ಅರ್ಧ ಮಂದಿ ಅದನ್ನು ಮುಟ್ಟುತ್ತಿಲ್ಲ. ಹೆಂಗಸರಲ್ಲಿ ಕೊರತೆ ಗಂಡಸರಿಗಿಂತ ಹೆಚ್ಚು.

ಹಯಾಟ್ಸ್‌ವಿಲ್ ಕೇಂದ್ರದ 2020ರ ಸಮೀಕ್ಷೆಯಲ್ಲಿ ನಡಿಗೆಯಂಥ ಚಟುವಟಿಕೆ ಮತ್ತು ಸ್ನಾಯುಬಲದ ಎರಡೂ ಗುರಿಗಳನ್ನು ಬಿಡುವಿನ ವೇಳೆಯಲ್ಲಿ ಮುಟ್ಟಿದ ಅಮೆರಿಕದ ವಯಸ್ಕರು ಶೇ. 24.2. ಅನುಕೂಲಸ್ಥ ಹೆಂಗಸರಲ್ಲಿ ನಾಲ್ವರಿಗೆ ಒಬ್ಬರಂತೆ ಗುರಿ ಮುಟ್ಟಿದ್ದರೆ, ಬಡತನ ರೇಖೆಯ ಕೆಳಗಿನ ಹೆಂಗಸರಲ್ಲಿ ಹತ್ತಕ್ಕೆ ಒಬ್ಬರು. ದುಡಿದು ದಣಿದವರಿಗೆ ಬಿಡುವೂ ಇಲ್ಲ, ಅವರ ಓಣಿಗೆ ಪಾರ್ಕೂ ಇಲ್ಲ. ಸಾರ್ವಜನಿಕ ಹಣದ ಫುಟ್‌ಪಾತು, ಉದ್ಯಾನ, ಶಾಲಾ ಮೈದಾನಗಳು ಮೊದಲು ಹೋಗಬೇಕಾದದ್ದು ಆ ಓಣಿಗಳಿಗೆ.